ಸಾಲಿಡ್ ಮಾಡೆಲ್‌ನಿಂದ ಗೆರೆಗಳನ್ನಷ್ಟೇ ಬಿಡಿಸಿಕೊಳ್ಳುವುದು ಹೇಗೆ?

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ ತಂತ್ರಾಂಶದಲ್ಲಿ ವಿಷುವಲ್ ಸ್ಟೈಲ್ ಪಟ್ಟಿಯಿಂದ ‘ವೈರ್‌ಫ್ರೇಮ್’ ಆರಿಸಿದ ಕೂಡಲೇ ಸಾಲಿಡ್ ಮಾಡೆಲ್, ಅಂದರೆ ಒಳಗೂ ತುಂಬಿರುವ 3ಡಿ ಆಕೃತಿ, ಬರೀ ಗೆರೆಗಳಾಗಿ ಕಾಣುತ್ತದೆ. ಕೆಲಸ ಮುಗಿಯಿತೆಂದು ಎಷ್ಟೋ ಜನ ಫೈಲ್ ಕಳಿಸಿಬಿಡುವುದೂ ಇಲ್ಲೇ. ಆ ಗೆರೆಗಳಲ್ಲಿ ಒಂದನ್ನು ಆರಿಸಿ ಡಿಲೀಟ್ ಒತ್ತಿ ನೋಡಿ, ಇಡೀ ಮಾಡೆಲ್ಲೇ ಅಳಿಸಿಹೋಗುತ್ತದೆ. ಬದಲಾಗಿದ್ದು ನೋಟ ಮಾತ್ರ. ಫೈಲಿನೊಳಗೆ ಇರುವುದು ಅದೇ ಸಾಲಿಡ್.

ಆಕಾಶಬುಟ್ಟಿಯ ಬಣ್ಣದ ಕಾಗದ ಕಿತ್ತು ಕಡ್ಡಿಗಳನ್ನಷ್ಟೇ ಉಳಿಸಿಕೊಂಡ ಹಾಗೆ, ಮೈ ಹೋಗಿ ಅಂಚುಗಳು ಬಿಡಿಬಿಡಿ ಗೆರೆಗಳಾಗಿ ಕೈಗೆ ಸಿಗಬೇಕು. ಪೀಣ್ಯದ ಲೇಸರ್ ಕಟಿಂಗ್ ಅಂಗಡಿಗೆ ಡಿಎಕ್ಸ್‌ಎಫ್ (ಗೆರೆಚಿತ್ರದ ಫೈಲ್) ಕೊಡಬೇಕಾದಾಗ, ಯಂತ್ರದ ಕೈಪಿಡಿಗೆ ಗೆರೆಚಿತ್ರ ಹಾಕಬೇಕಾದಾಗ, ಯಾರೋ ಕಳಿಸಿದ ಬಿಡಿಭಾಗದ ಮೇಲೆ ನಮ್ಮ ಹೊಸ ಸ್ಕೆಚ್ ಶುರು ಮಾಡಬೇಕಾದಾಗ ಇದು ಬೇಕಾಗುತ್ತದೆ. ಮೂರಕ್ಕೂ ಬೇಕಾದ ಗೆರೆಗಳು ಬೇರೆ ಬೇರೆ. ಹಾಗಾಗಿ ಕಮಾಂಡ್ ಹುಡುಕುವ ಮೊದಲು ಯಾವ ಗೆರೆ ಬೇಕು ಎಂದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಅಭ್ಯಾಸಕ್ಕೆ ಒಂದು ಎಲ್ ಆಕಾರದ ಬ್ರಾಕೆಟ್ ಮಾಡಿಕೊಳ್ಳಿ. ಒಂದು ಕಾಲು 60 ಮಿ.ಮೀ., ಇನ್ನೊಂದು 40 ಮಿ.ಮೀ., ಅಗಲ 50, ದಪ್ಪ 6. ಒಳಮೂಲೆಗೆ 5 ಮಿ.ಮೀ. ಫಿಲೆಟ್ (ಮೂಲೆಯ ಗುಂಡಗಿನ ತಿರುವು) ಕೊಡಿ, ಉದ್ದದ ಕಾಲಿನಲ್ಲಿ 9 ಮಿ.ಮೀ. ವ್ಯಾಸದ ಒಂದು ಆರಪಾರು ತೂತು ಹಾಕಿ. ಸಾಲಿಡ್ ಮಾಡೆಲಿಂಗ್ ಇರುವ ಪೂರ್ಣ ಆಟೋಕ್ಯಾಡ್ ಬೇಕು. ಎಲ್‌ಟಿ ಎಂಬ ಚಿಕ್ಕ ಆವೃತ್ತಿಯಲ್ಲಿ ಇದು ಆಗುವುದಿಲ್ಲ.

ಹಂತ 1: ಅಂಚುಗಳನ್ನು ತೆಗೆಯಿರಿ

ಮೊದಲು ‘ಗೆರೆ’ ಅಥವಾ ಬೇರಾವುದೋ ಹೆಸರಿನ ಹೊಸ ಲೇಯರ್ (ಗೆರೆಗಳನ್ನು ಬೇರೆಯಾಗಿಡುವ ಪದರ) ಮಾಡಿ, ಅದನ್ನೇ ಕರೆಂಟ್ ಲೇಯರ್ ಆಗಿ ಇಡಿ. ಹೊಸ ಗೆರೆಗಳು ಬಂದು ಬೀಳುವುದು ಕರೆಂಟ್ ಲೇಯರ್‌ಗೆ. ಇದನ್ನು ಬಿಟ್ಟರೆ ಗೆರೆಗಳು ಸಾಲಿಡ್‌ನ ಮೇಲೆಯೇ ಕೂತು, ಯಾವುದು ಯಾವುದೆಂದು ಗೊತ್ತಾಗದೆ ಒದ್ದಾಡಬೇಕಾಗುತ್ತದೆ.

ಈಗ ಎಕ್ಸ್‌ಎಡ್ಜಸ್ ಎಂದು ಟೈಪ್ ಮಾಡಿ. ‘ಎಕ್ಸ್’ ಒಂದೇ ಅಕ್ಷರ, ನಂತರ ‘ಎಡ್ಜಸ್’, ನಡುವೆ ಜಾಗ ಬೇಡ. ಹೋಮ್ ಟ್ಯಾಬಿನ ಸಾಲಿಡ್ ಎಡಿಟಿಂಗ್ ಪ್ಯಾನೆಲ್‌ನಲ್ಲಿ ‘ಎಕ್ಸ್‌ಟ್ರ್ಯಾಕ್ಟ್ ಎಡ್ಜಸ್’ ಎಂಬ ಗುಂಡಿಯೂ ಇದೆ. ಮಾಡೆಲ್ ಆರಿಸಿ ಎಂಟರ್ ಒತ್ತಿ. ಪರದೆಯಲ್ಲಿ ಏನೂ ಆದಂತೆ ಕಾಣದು. ಸಾಲಿಡ್ ಇರುವ ಲೇಯರ್ ಆಫ್ ಮಾಡಿದರೆ ಗೆರೆಗಳು ಉಳಿದಿರುತ್ತವೆ.

ಆಕೃತಿಯನ್ನು ಬಿಡಿಬಿಡಿ ಮಾಡುವ ಎಕ್ಸ್‌ಪ್ಲೋಡ್ ಕಮಾಂಡ್ ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಒಮ್ಮೆ ಮಾಡಿದರೆ ರೀಜನ್, ಸರ್ಫೇಸ್ ಎಂಬ ಬಿಡಿ ಮುಖಗಳಷ್ಟೇ ಸಿಗುತ್ತವೆ. ಗೆರೆ ಸಿಗಬೇಕಾದರೆ ಇನ್ನೊಮ್ಮೆ ಮಾಡಬೇಕು. ಅಷ್ಟರಲ್ಲಿ ಮೂಲ ಸಾಲಿಡ್ ಕೈಬಿಟ್ಟಿರುತ್ತದೆ. ಎಕ್ಸ್‌ಎಡ್ಜಸ್ ಮೂಲವನ್ನು ಮುಟ್ಟುವುದಿಲ್ಲ.

ಹಂತ 2: ಎಣಿಸಿ ನೋಡಿ

ಗೆರೆಗಳನ್ನೆಲ್ಲ ಆರಿಸಿ ಪ್ರಾಪರ್ಟೀಸ್ ಪ್ಯಾಲೆಟ್ ತೆರೆಯಿರಿ. ನಮ್ಮ ಬ್ರಾಕೆಟ್‌ಗೆ 19 ಲೈನ್, 2 ಆರ್ಕ್, 2 ಸರ್ಕಲ್, ಒಟ್ಟು 23 ಇರಬೇಕು. ಲೆಕ್ಕ ಸರಳ. ಎಲ್ ಆಕಾರದ ಪಕ್ಕದ ಮುಖಕ್ಕೆ ಆರು ನೇರ ಗೆರೆ, ಫಿಲೆಟ್‌ನದು ಒಂದು ಕಮಾನು. ಅಂಥ ಮುಖ ಎರಡು. ಅವೆರಡನ್ನೂ ಜೋಡಿಸುವ ಅಂಚುಗಳು ಏಳು. ತೂತಿನ ಎರಡು ತುದಿಗೆ ಎರಡು ವೃತ್ತ.

ಸಂಖ್ಯೆ ಹೆಚ್ಚು ಬಂದರೆ ಎಲ್ಲೋ ಒಂದರ ಮೇಲೊಂದು ಗೆರೆ ಕೂತಿದೆ ಎಂದರ್ಥ. ಎರಡು ಸಾಲಿಡ್‌ಗಳನ್ನು ಯೂನಿಯನ್ ಮಾಡಿ ಒಂದಾಗಿಸದೆ ಅಕ್ಕಪಕ್ಕ ಅಂಟಿಸಿಟ್ಟಿದ್ದರೆ ಹೀಗಾಗುತ್ತದೆ. ಓವರ್‌ಕಿಲ್ ಕಮಾಂಡ್ ಅಂಥ ಜೋಡಿ ಗೆರೆಗಳನ್ನು ತೆಗೆದುಹಾಕುತ್ತದೆ. ಲೇಸರ್ ಕೆಲಸಕ್ಕಾದರೆ ಇದನ್ನು ಬಿಡಲೇಬೇಡಿ. ಜೋಡಿ ಗೆರೆ ಉಳಿದರೆ ಯಂತ್ರ ಅದೇ ದಾರಿಯಲ್ಲಿ ಎರಡು ಸಲ ಕತ್ತರಿಸುತ್ತದೆ.

ಇದೇ ಬ್ರಾಕೆಟ್ ಅನ್ನು ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದರೆ 23ರ ಬದಲು 24 ಅಂಚು ಸಿಗುತ್ತವೆ. ಅದರ ಒಳಗಿನ ಓಪನ್ ಕ್ಯಾಸ್ಕೇಡ್ ಎಂಬ ಗಣಿತದ ಕೋರ್, ಸಿಲಿಂಡರಿನ ಮೈಯನ್ನು ಒಂದು ಹೊಲಿಗೆ ಗೆರೆಯಲ್ಲಿ ಮುಚ್ಚುತ್ತದೆ. ತೂತಿನ ಒಳಗೋಡೆಯಲ್ಲಿ ಕಾಣುವ ಆ ನೇರ ಗೆರೆ ನಿಜವಾದ ಅಂಚಲ್ಲ, ಅಳಿಸಿದರೆ ನಷ್ಟವಿಲ್ಲ.

ಹಂತ 3: ಇಲ್ಲದ ಗೆರೆಯ ಸಮಸ್ಯೆ

ತೊಡಕು ಶುರುವಾಗುವುದು ಇಲ್ಲಿ. ಒಂದು ಬರಿಯ ಸಿಲಿಂಡರ್ ಮಾಡಿ ಎಕ್ಸ್‌ಎಡ್ಜಸ್ ಕೊಟ್ಟರೆ ಮೇಲೊಂದು, ಕೆಳಗೊಂದು ವೃತ್ತ ಮಾತ್ರ ಬರುತ್ತವೆ. ಪಕ್ಕದ ಎರಡು ಗೆರೆಗಳು ಬರುವುದೇ ಇಲ್ಲ. ಕಮಾಂಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡು ಮುಖಗಳು ಸೇರುವ ಕಡೆ ಇರುವುದೇ ಅಂಚು. ಸಿಲಿಂಡರಿನ ಪಕ್ಕದಲ್ಲಿ ನಮಗೆ ಕಾಣುವುದು ಹೊರರೇಖೆ, ಸಿಲೂಎಟ್. ನಾವು ತಿರುಗಿದಂತೆ ಅದೂ ಜಾಗ ಬದಲಿಸುತ್ತದೆ. ನೋಡುವವರಿಲ್ಲದಿದ್ದರೆ ಆ ಗೆರೆಯೂ ಇಲ್ಲ. ಪರದೆಯಲ್ಲಿ ಸಿಲಿಂಡರಿನ ಮೈಮೇಲೆ ಕಾಣುವ ನಾಲ್ಕು ಉದ್ದ ಗೆರೆಗಳು ಐಸೋಲೈನ್‌ಗಳು. ಅವು ಕಣ್ಣಿಗೆ ಆಸರೆಯಷ್ಟೇ, ತೆಗೆಯಲು ಸಿಗುವುದಿಲ್ಲ.

ಆದ್ದರಿಂದ ಕೈಪಿಡಿಯ ಚಿತ್ರಕ್ಕೆ, ಡ್ರಾಯಿಂಗ್ ಶೀಟಿಗೆ ಎಕ್ಸ್‌ಎಡ್ಜಸ್ ಸಾಲದು. ಅಲ್ಲಿ ನೋಟವನ್ನು ಚಪ್ಪಟೆ ಗೆರೆಚಿತ್ರವಾಗಿಸುವ ಫ್ಲ್ಯಾಟ್‌ಶಾಟ್ ಕಮಾಂಡ್ ಬಳಸಿ. ಮೊದಲು ನೋಟ ಹೊಂದಿಸಿ: ಫ್ರಂಟ್, ಟಾಪ್ ಅಥವಾ ಐಸೊಮೆಟ್ರಿಕ್. ಪರ್ಸ್ಪೆಕ್ಟಿವ್ ಇದ್ದರೆ ಪ್ಯಾರಲಲ್‌ಗೆ ಬದಲಿಸಿ. ಫ್ಲ್ಯಾಟ್‌ಶಾಟ್ ಆರಿಸಲು ಬಿಡುವುದಿಲ್ಲ, ಕಾಣುವ ಎಲ್ಲ ಸಾಲಿಡ್‌ಗಳನ್ನೂ ಹಿಡಿಯುತ್ತದೆ. ಬೇಡದ್ದನ್ನು ಮೊದಲೇ ಮರೆಮಾಡಿ. ಬರುವ ಡಯಲಾಗ್‌ನಲ್ಲಿ ಎದುರಿಗೆ ಕಾಣುವ ಗೆರೆಗಳಿಗೂ ಮರೆಯಾದ ಗೆರೆಗಳಿಗೂ ಬೇರೆ ಬೇರೆ ಬಣ್ಣ, ಲೈನ್‌ಟೈಪ್ ಕೊಡಬಹುದು. ಮರೆಯಾದವಕ್ಕೆ ‘ಹಿಡನ್’ ಕೊಟ್ಟರೆ ತುಂಡುಗೆರೆ ಬರುತ್ತದೆ. ಮರೆಯಾದ ಗೆರೆ ಯಾವುದೆಂದು ಕಂಪ್ಯೂಟರ್ ತಾನೇ ಲೆಕ್ಕ ಹಾಕುವ ವಿಧಾನವನ್ನು ಎಂಐಟಿಯಲ್ಲಿ ಲಾರೆನ್ಸ್ ರಾಬರ್ಟ್ಸ್ ತೋರಿಸಿಕೊಟ್ಟಿದ್ದು 1963ರಲ್ಲಿ. ಇಂದು ಒಂದು ಟಿಕ್ ಗುರುತಿಗೆ ಆಗುವ ಕೆಲಸಕ್ಕೆ ಅಂದು ಪಿಎಚ್‌ಡಿ ಪ್ರಬಂಧವೇ ಬೇಕಾಗಿತ್ತು.

‘ಟ್ಯಾಂಜೆನ್ಷಿಯಲ್ ಎಡ್ಜಸ್’ ಎಂಬ ಇನ್ನೊಂದು ಟಿಕ್ ಇದೆ. ಫಿಲೆಟ್ ಸಪಾಟು ಮುಖಕ್ಕೆ ನಯವಾಗಿ ಬೆರೆಯುವ ಕಡೆಯ ಗೆರೆಗಳಿವು. ನಮ್ಮ 19 ಲೈನ್‌ಗಳಲ್ಲಿ ಎರಡು ಇಂಥವೇ. ಡ್ರಾಯಿಂಗ್‌ಗೆ ಇವನ್ನು ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಿಜದ ಬ್ರಾಕೆಟ್ಟಿನಲ್ಲಿ ಅಲ್ಲಿ ಗೆರೆ ಕಾಣುವುದೇ ಇಲ್ಲ.

ಕ್ರಿಯೇಟ್ ಒತ್ತಿದ ಮೇಲೆ ಸಿಗುವುದು ಒಂದು ಬ್ಲಾಕ್, ಅಂದರೆ ಒಟ್ಟಾಗಿ ಕಟ್ಟಿದ ಗೆರೆಗಳ ಗುಂಪು. ಅದು ಯುಸಿಎಸ್‌ನ (ಆಗ ಬಳಕೆಯಲ್ಲಿರುವ ಅಕ್ಷಗಳ) ಎಕ್ಸ್‌ವೈ ತಳದಲ್ಲಿ ಮಲಗಿರುತ್ತದೆ. ಮುಂದಿನಿಂದ ನೋಡುತ್ತಿದ್ದರೆ ಒಂದೇ ಗೆರೆಯಂತೆ ಕಾಣಬಹುದು, ಗಾಬರಿಯಾಗಬೇಡಿ. ಪ್ಲಾನ್ ಎಂದು ಟೈಪ್ ಮಾಡಿ ಮೇಲಿನಿಂದ ನೋಡಿ, ಆಮೇಲೆ ಎಕ್ಸ್‌ಪ್ಲೋಡ್ ಮಾಡಿ. ಮೂರು ನೋಟ ತೆಗೆದು ಶೀಟಿನಲ್ಲಿ ಜೋಡಿಸುವುದಾದರೆ ಸ್ಥಾನ ನೀವೇ ನೋಡಿಕೊಳ್ಳಬೇಕು. ನಮ್ಮ ಕಾಲೇಜುಗಳಲ್ಲಿ ಕಲಿಸುವ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ಟಾಪ್ ವ್ಯೂ ಬರುವುದು ಫ್ರಂಟ್ ವ್ಯೂನ ಕೆಳಗೆ.

ಹೊರರೇಖೆಯೂ ಬೇಕು, ಗೆರೆಗಳು ಸಪಾಟಾಗದೆ 3ಡಿಯಲ್ಲೇ ಇರಬೇಕು ಎಂದರೆ ಹಳೆಯ ಸೋಲ್‌ಪ್ರೊಫ್ ಇದೆ. ಲೇಔಟ್ ಟ್ಯಾಬಿಗೆ ಹೋಗಿ, ವ್ಯೂಪೋರ್ಟ್ ಎಂಬ, ಮಾಡೆಲ್ ಕಾಣುವ ಚೌಕಟ್ಟಿನ ಒಳಗೆ ಡಬಲ್ ಕ್ಲಿಕ್ ಮಾಡಿ ಕಮಾಂಡ್ ಕೊಡಿ. ಅದು ಕೇಳುವ ಮೂರು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ, ಅಂದರೆ ಗೆರೆಗಳನ್ನು ಒಂದು ತಳಕ್ಕೆ ಇಳಿಸಬೇಕೇ ಎಂಬುದಕ್ಕೆ, ‘ನೋ’ ಎನ್ನಿ. ಕಾಣುವ ಗೆರೆಗಳು ‘ಪಿವಿ’ ಎಂದು ಶುರುವಾಗುವ ಲೇಯರ್‌ಗೂ ಮರೆಯಾದವು ‘ಪಿಎಚ್’ ಲೇಯರ್‌ಗೂ ಹೋಗುತ್ತವೆ.

ಫ್ರೀಕ್ಯಾಡ್‌ನವರಿಗೆ

ಹಣ ಕೊಡದೆ ಮಾಡಬೇಕೆಂದರೆ ಫ್ರೀಕ್ಯಾಡ್ ಸಾಕು. ಡ್ರಾಫ್ಟ್ ವರ್ಕ್‌ಬೆಂಚಿನಲ್ಲಿ ‘ಶೇಪ್ 2ಡಿ ವ್ಯೂ’ ಕೊಟ್ಟರೆ ಚಪ್ಪಟೆ ಚಿತ್ರ ಸಿಗುತ್ತದೆ. ಅದನ್ನು ‘ಡ್ರಾಫ್ಟ್ ಟು ಸ್ಕೆಚ್’ ಮೂಲಕ ಸ್ಕೆಚ್ ಮಾಡಿಕೊಳ್ಳಬಹುದು. ಅಳತೆಗಳನ್ನು ಕಟ್ಟಿಹಾಕುವ ಕನ್‌ಸ್ಟ್ರೇಂಟ್ ಮಾತ್ರ ನೀವೇ ಹಾಕಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ‘ಕನ್ವರ್ಟ್ ಎಂಟಿಟೀಸ್’, ಫ್ಯೂಷನ್‌ನಲ್ಲಿ ‘ಪ್ರಾಜೆಕ್ಟ್’ ಇದೇ ಕೆಲಸ ಮಾಡುತ್ತವೆ.

ಎಸ್‌ಟಿಎಲ್ ಫೈಲ್ ಕೊಟ್ಟರೆ?

3ಡಿ ಪ್ರಿಂಟಿಂಗ್‌ಗೆ ಬಳಸುವ ಎಸ್‌ಟಿಎಲ್‌ ಫೈಲಿನಲ್ಲಿ ಇರುವುದು ತ್ರಿಕೋನಗಳು ಮಾತ್ರ. ಅಂಚು ತೆಗೆದರೆ ಅಷ್ಟೂ ತ್ರಿಕೋನಗಳ ಬದಿಗಳು ಬರುತ್ತವೆ, ತೂತು ವೃತ್ತವಾಗದೆ ಬಹುಭುಜವಾಗುತ್ತದೆ. ಫ್ರೀಕ್ಯಾಡ್‌ನ ಪಾರ್ಟ್ ವರ್ಕ್‌ಬೆಂಚಿನಲ್ಲಿ ಮೆಶ್‌ನಿಂದ (ಆ ತ್ರಿಕೋನಗಳ ಬಲೆಯಿಂದ) ಶೇಪ್, ಶೇಪ್‌ನಿಂದ ಸಾಲಿಡ್ ಮಾಡಿ ‘ರಿಫೈನ್ ಶೇಪ್’ ಕೊಟ್ಟರೆ ಸಪಾಟು ಮುಖಗಳಷ್ಟೇ ಒಂದಾಗುತ್ತವೆ, ಬಾಗಿದವು ಹಾಗೇ ಉಳಿಯುತ್ತವೆ. ಕಳಿಸಿದವರಿಗೆ ಫೋನ್ ಮಾಡಿ, ನಿಜವಾದ ಮುಖ, ಅಂಚುಗಳಿರುವ ಸ್ಟೆಪ್ ಫೈಲ್ ಕೇಳುವುದು ಇದಕ್ಕಿಂತ ಬೇಗ ಆಗುವ ಕೆಲಸ.

ಕೊನೆಯ ಹಂತ: ಡಿಎಕ್ಸ್‌ಎಫ್

ಲೇಸರ್‌ಗೆ ಇಡೀ ಫ್ರೇಮ್ ಬೇಡ, ಒಂದು ಮುಖದ ಹೊರಗೆರೆ ಸಾಕು. ಎಕ್ಸ್‌ಎಡ್ಜಸ್ ಆರಿಸಲು ಕೇಳಿದಾಗ ಕಂಟ್ರೋಲ್ ಕೀ ಹಿಡಿದು ಆ ಮುಖವನ್ನಷ್ಟೇ ಕ್ಲಿಕ್ ಮಾಡಿ. ನಮ್ಮ ಎಲ್ ಬ್ರಾಕೆಟ್ ಅನ್ನು ತಗಡಿನಿಂದ ಕತ್ತರಿಸಿ ಬಗ್ಗಿಸುವುದಾದರೆ ಯಾವ ನೋಟವೂ ಕತ್ತರಿಸುವ ಅಳತೆಯಾಗದು. ಅದಕ್ಕೆ ಶೀಟ್ ಮೆಟಲ್ ಟೂಲ್‌ನಲ್ಲಿ ಬಿಚ್ಚಿದ ಫ್ಲ್ಯಾಟ್ ಪ್ಯಾಟರ್ನ್ ಬೇಕು. ಬಗ್ಗುವ ಕಡೆ ತಗಡು ಹಿಗ್ಗುವ ಲೆಕ್ಕ ಇರುವುದು ಅದರಲ್ಲಿ.

ಸೇವ್ ಆ್ಯಸ್‌ನಲ್ಲಿ ಡಿಎಕ್ಸ್‌ಎಫ್ ಆರಿಸಿ, ಯಾವ ಆವೃತ್ತಿ ಬೇಕೆಂದು ಅಂಗಡಿಯವರನ್ನೇ ಕೇಳಿ. ಹಳೆಯ ಯಂತ್ರಕ್ಕೆ ಆರ್12 ಎಂಬ ಹಳೆಯ ಆವೃತ್ತಿ ಕೇಳುವುದುಂಟು. ಅದರಲ್ಲಿ ಸ್ಪ್ಲೈನ್ (ಬಳುಕು ಗೆರೆ), ಎಲಿಪ್ಸ್ (ದೀರ್ಘವೃತ್ತ) ಇಲ್ಲದ್ದರಿಂದ ಅಂಥ ಗೆರೆಗಳು ಸಣ್ಣ ತುಂಡುಗಳ ಪಾಲಿಲೈನ್ ಆಗುತ್ತವೆ. ಅಳತೆಯ ಯೂನಿಟ್ಟೂ ಅದರೊಳಗೆ ಹೋಗುವುದಿಲ್ಲ. ಮಿ.ಮೀ. ಅನ್ನು ಇಂಚೆಂದು ಓದಿದರೆ ಭಾಗ 25.4 ಪಟ್ಟು ದೊಡ್ಡದಾಗುತ್ತದೆ. ಫೈಲ್ ಜೊತೆಗೆ ‘ಎಲ್ಲ ಅಳತೆ ಮಿ.ಮೀ., ತೂತು 9’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿ.