ಕರಾವಳಿ ಸೆಕೆಯಲ್ಲಿ ಪಾವ್ಲೋವಾ: ಹಪ್ಪಳದ ಡಬ್ಬಿ ರೆಡಿ ಇಟ್ಕೊಂಡು ಶುರು ಮಾಡಿ

ಮೇ ತಿಂಗಳು ಬಂತು ಅಂದ್ರೆ ಕಾರವಾರದಲ್ಲಿ ಯಾರ ಮನೆಯಲ್ಲೂ ಬರೀ ಮನೆಯವರು ಅಂತ ಇರೋದಿಲ್ಲ. ಬೆಂಗ್ಳೂರು, ಹುಬ್ಳಿ, ಶಿರಸಿ ಕಡೆಯಿಂದ ನೆಂಟರು, ಅವರ ಮಕ್ಕಳು, ಆ ಮಕ್ಕಳ ದೋಸ್ತರು, ಎಲ್ಲರಿಗೂ ಬೀಚ್ ಬೇಕು, ಸಂಜೆ ಕಾಲಿಗೆಲ್ಲ ಮರಳು ಮೆತ್ಕೊಂಡು ಮನೆಗೆ ಬಂದ ಮೇಲೆ ತಿನ್ಲಿಕ್ಕೆ ಏನಾದ್ರೂ ತಣ್ಣಗಿದ್ದು ಬೇಕು. ಐಸ್‌ಕ್ರೀಮ್ ಎಷ್ಟು ದಿನ ಅಂತ ತರ್ತೀರಿ. ಪಾಯಸ ಅಂದ್ರೆ ಈ ಸೆಕೆಯಲ್ಲಿ ಒಲೆ ಮುಂದೆ ನಿಲ್ಲೋರು ಯಾರು. ಅದಕ್ಕೇ ನಾನು ಪಾವ್ಲೋವಾಕ್ಕೆ ಕೈ ಹಾಕಿದ್ದು, ಮೊದಲನೇ ಸಲ ಮರ್ಯಾದೆ ಹೋಯ್ತು, ಆಮೇಲೆ ಕೈಗೆ ಹತ್ತಿತು.

ಗೊತ್ತಿಲ್ದವರಿಗೆ ಹೇಳ್ತೇನೆ. ಮೊಟ್ಟೆಯ ಬಿಳಿ ಭಾಗಕ್ಕೆ ಸಕ್ಕರೆ ಹಾಕಿ ಗಟ್ಟಿ ನೊರೆ ಬರೋ ತನಕ ಬೀಟ್ ಮಾಡಿ, ಸಣ್ಣ ಬಿಸಿಯಲ್ಲಿ ಓವನ್ನಲ್ಲಿ ಒಣಗಿಸಿದ್ರೆ ಅದು ಮೆರಾಂಗ್. ಅದೇ ಮೆರಾಂಗಿಗೆ ಸ್ವಲ್ಪ ಹುಳಿ, ಸ್ವಲ್ಪ ಕಾರ್ನ್‌ಫ್ಲೋರ್ ಸೇರಿಸಿ ಹೊರಗೆ ಗರಿಗರಿ ಒಳಗೆ ಮೆತ್ತಗೆ ಬರೋ ಹಾಗೆ ಬೇಯಿಸಿ, ಮೇಲೆ ಕ್ರೀಮ್ ಮತ್ತೆ ಹಣ್ಣು ಹಾಕಿದ್ರೆ ಪಾವ್ಲೋವಾ. ಹೆಸರು ರಷ್ಯಾದ ಬ್ಯಾಲೆ ಡ್ಯಾನ್ಸರ್ ಅನ್ನಾ ಪಾವ್ಲೋವಾ ಅವಳದ್ದು, 1926ರಲ್ಲಿ ಅವಳು ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡಿಗೆ ಕುಣಿಲಿಕ್ಕೆ ಹೋಗಿದ್ಳು, ಈ ತಿಂಡಿ ಮೊದಲು ಮಾಡಿದ್ದು ನಾವು ಅಂತ ಆ ಎರಡೂ ದೇಶದವರು ಇವತ್ತಿಗೂ ಜಗಳ ಆಡ್ತಾರೆ. ಅಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ, ಹಾಗಾಗಿ ಅವರಿಗೆ ಇದು ಕ್ರಿಸ್‌ಮಸ್ ತಿಂಡಿ. ನಮ್ಮ ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ಇದ್ದಾರಲ್ಲ, ಅವರಿಗೆ ಡ್ಯಾನ್ಸಿನ ಹುಚ್ಚು ಹತ್ತಿಸಿದ್ದೂ ಇದೇ ಪಾವ್ಲೋವಾ.

ಮೊದಲ ಸಲ ಏನಾಯ್ತು ಅಂದ್ರೆ, ಓವನ್ನಿಂದ ತೆಗೆದಾಗ ನೋಡ್ಲಿಕ್ಕೆ ಬಹಳ ಚಂದ ಇತ್ತು, ಬೆಳ್ಳಗೆ, ದೊಡ್ಡದು, ಊಟದ ತಟ್ಟೆಯಷ್ಟು ಅಗಲ. ಆರ್ಲಿ ಅಂತ ಸಮುದ್ರದ ಕಡೆ ಕಿಟಕಿ ಹತ್ರ ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದ್ರೆ ಮೈಯೆಲ್ಲ ಬೆವೆತುಬಿಟ್ಟಿದೆ, ಕಂದು ಬಣ್ಣದ ಪಾಕದ ಹನಿ ಸಾಲಾಗಿ ನಿಂತಿದೆ, ಮುಟ್ಟಿದ್ರೆ ಬೆರಳಿಗೆ ಅಂಟ್ತದೆ. ನಮ್ಮತ್ತೆ ಬಂದು ಒಂದು ಬೆರಳಲ್ಲಿ ಒತ್ತಿ ನೋಡಿದ್ರು. "ಹಪ್ಪಳ ಕರಿದು ಹೀಗೆ ಗಾಳಿಗಿಡ್ತೀಯಾ? ಡಬ್ಬಿಗೆ ಹಾಕ್ಲಿಕ್ಕೆ ಎಂತ ರೋಗ ನಿಂಗೆ?" ಅಂದ್ರು. ಓವನ್ ಮುಖ ಒಂದು ದಿನ ನೋಡಿದವರಲ್ಲ ಅವರು, ಆದ್ರೆ ನಾನು ಓದಿದ ಯಾವ ರೆಸಿಪಿಯಲ್ಲೂ ಇಲ್ದೇ ಇದ್ದ ಮಾತು ಅದು. ಸಕ್ಕರೆ ಗಾಳಿಯ ಪಸೆಯನ್ನ ಎಳ್ಕೊಳ್ತದೆ, ಮೆರಾಂಗ್ ಅಂದ್ರೆ ಮುಕ್ಕಾಲು ಪಾಲು ಸಕ್ಕರೆಯೇ, ಮತ್ತೆ ನಮ್ಮ ಕರಾವಳಿ ಗಾಳಿಯಲ್ಲಿ ಪಸೆಗೇನು ಬರ. ಹಪ್ಪಳ, ಸಂಡಿಗೆ ಕಾಪಾಡೋ ಬುದ್ಧಿ ನಮಗೆ ಹುಟ್ಟಿದಾಗಿಂದ ಇದೆ, ಅದನ್ನೇ ಇಲ್ಲಿ ಹಾಕ್ಬೇಕು.

ಅದಕ್ಕೆ ಮೊದಲನೇ ಬದಲಾವಣೆ, ದೊಡ್ಡ ಒಂದು ಪಾವ್ಲೋವಾ ಮಾಡ್ಬೇಡಿ. ಅದು ಯಾವ ಡಬ್ಬಿಗೂ ಹೋಗೋದಿಲ್ಲ, ಕಟ್ ಮಾಡುವಾಗ ಪುಡಿಯಾಗ್ತದೆ, ಅರ್ಧ ಉಳಿದ್ರೆ ಇಡ್ಲಿಕ್ಕೂ ಆಗೋದಿಲ್ಲ. ಅಂಗೈಯಷ್ಟಗಲದ ಎಂಟು ಪುಟ್ಟ ಗೂಡು ಮಾಡಿ, ತಲೆಗೊಂದು ಕೊಡ್ಲಿಕ್ಕೂ ಸುಲಭ.

ಎಂಟು ಗೂಡಿಗೆ ಬೇಕಾದ್ದು ಇಷ್ಟೇ: ನಾಲ್ಕು ಮೊಟ್ಟೆಯ ಬಿಳಿ, ಅಂದ್ರೆ ಸುಮಾರು 120 ಗ್ರಾಂ, ಅದರ ಡಬ್ಬಲ್ ಸಕ್ಕರೆ 240 ಗ್ರಾಂ, ಬಿಳಿ ವಿನೆಗರ್ ಒಂದು ಟೀ ಚಮಚ, ಇಲ್ಲಾಂದ್ರೆ ಲಿಂಬೆರಸ, ಕಾರ್ನ್‌ಫ್ಲೋರ್ ಎರಡು ಟೀ ಚಮಚ, ಒಂದು ಚಿಟಿಕೆ ಉಪ್ಪು. ಸಕ್ಕರೆಯನ್ನ ಮಿಕ್ಸಿಗೆ ಹಾಕಿ ಸಣ್ಣ ರವೆ ಥರ ಮಾಡ್ಕೊಳ್ಳಿ. ಇಷ್ಟೊಂದು ಸಕ್ಕರೆಯಾ ಅಂತ ಎದೆ ಹಿಡ್ಕೊಂಡು ಅರ್ಧಕ್ಕೆ ಇಳಿಸೋರು ಇರ್ತಾರೆ, ನಾನೂ ಇಳಿಸಿ ನೋಡಿದ್ದೇನೆ, ಆಗೋದಿಲ್ಲ. ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ನೊರೆಯ ಗೋಡೆ ನಿಲ್ಲಿಸೋ ಗಾರೆ ಅದು, ಕಡಿಮೆಯಾದ್ರೆ ಓವನ್ನಲ್ಲೇ ಕುಸೀತದೆ. ಸಿಹಿ ಕಡಿಮೆ ಮಾಡ್ಬೇಕಂದ್ರೆ ಕ್ರೀಮಿಗೆ ಸಕ್ಕರೆ ಹಾಕ್ಬೇಡಿ, ಹಣ್ಣು ಹುಳಿ ಇರೋದು ಆರಿಸಿ.

ಮೊಟ್ಟೆ ಒಡಿಯೋದು ಫ್ರಿಜ್ಜಿಂದ ತೆಗೆದ ಕೂಡ್ಲೇ, ತಣ್ಣಗಿದ್ರೆ ಹಳದಿ ಗಟ್ಟಿ ಇರ್ತದೆ, ಸಲೀಸಾಗಿ ಬೇರೆಯಾಗ್ತದೆ. ಒಂದೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ಸರಿ ಇದೆ ಅಂತ ನೋಡಿ, ಆಮೇಲೆ ದೊಡ್ಡ ಪಾತ್ರೆಗೆ. ಒಂದ್ಸಲ ಸೋಮಾರಿತನ ಮಾಡಿ ನೇರ ಒಡೆದೆ, ನಾಲ್ಕನೇ ಮೊಟ್ಟೆ ಹಳದಿ ಒಡೆದು ಬಿಳಿಗೆಲ್ಲ ಸೇರಿಹೋಯ್ತು, ಅವತ್ತು ರಾತ್ರಿ ಮನೆಯವರಿಗೆಲ್ಲ ಆಮ್ಲೆಟ್. ಹಳದಿಯಲ್ಲಿ ಕೊಬ್ಬಿದೆ, ಚೂರು ಕೊಬ್ಬು ಸೇರಿದ್ರೂ ನೊರೆ ಏಳೋದಿಲ್ಲ. ನಮ್ಮ ಕಡೆ ಅಡುಗೆಮನೆಯಲ್ಲಿ ಇನ್ನೊಂದು ತಾಪತ್ರಯ, ತೆಂಗಿನೆಣ್ಣೆ, ಅದು ಪಾತ್ರೆಯಲ್ಲಿ, ಚಮಚದಲ್ಲಿ, ಕೈಯಲ್ಲಿ, ತಲೆಯಲ್ಲಿ, ಎಲ್ಲೆಲ್ಲೂ ಇರ್ತದೆ. ಪ್ಲಾಸ್ಟಿಕ್ ಬೌಲ್ ಬೇಡ, ಎಷ್ಟು ತೊಳೆದ್ರೂ ಜಿಡ್ಡು ಬಿಡೋದಿಲ್ಲ. ಸ್ಟೀಲ್ ಪಾತ್ರೆ ತಗೊಂಡು ಕಡಿದ ಲಿಂಬೆಹೋಳಿಂದ ಒಳಗೆಲ್ಲ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಬೀಟರಿನ ಕಡ್ಡಿಗಳಿಗೂ ಅದೇ ಉಪಚಾರ.

ಈಗ ಮುಖ್ಯ ಕೆಲಸ. ಹೆಚ್ಚಿನವರು ಬಿಳಿಯನ್ನ ಹಸಿಯಾಗೇ ಬೀಟ್ ಮಾಡ್ತಾ ಸಕ್ಕರೆ ಹಾಕ್ತಾರೆ, ಒಣ ಹವೆಯ ಊರಲ್ಲಿ ಅದು ನಡೀತದೆ. ನಮಗೆ ಸ್ವಿಸ್ ಪದ್ಧತಿ ಒಳ್ಳೇದು. ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಲಿಕ್ಕಿಟ್ಟು, ಉರಿ ಸಣ್ಣ ಮಾಡಿ, ಅದರ ಮೇಲೆ ಬಿಳಿ, ಸಕ್ಕರೆ, ಉಪ್ಪು ಹಾಕಿದ ಸ್ಟೀಲ್ ಬೌಲ್ ಕೂರಿಸಿ, ಬೌಲಿನ ಅಡಿಗೆ ನೀರು ತಾಗ್ಬಾರ್ದು, ಆವಿ ಮಾತ್ರ ಸಾಕು. ಕೈಬಿಡದೇ ತಿರುಗಿಸ್ತಾ ಇರಿ, ಫೋನ್ ಬಂತು ಅಂತ ಹೋದ್ರೆ ಮತ್ತೆ ಆಮ್ಲೆಟ್ಟೇ. ನಾಲ್ಕೈದು ನಿಮಿಷದಲ್ಲಿ ಬಿಸಿಯಾಗಿ ತೆಳ್ಳಗಾಗ್ತದೆ, ಥರ್ಮಾಮೀಟರ್ ಇದ್ರೆ 65ರಿಂದ 70 ಡಿಗ್ರಿ, ಇಲ್ದಿದ್ರೆ ಒಂದು ಹನಿ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯೆ ತಿಕ್ಕಿ ನೋಡಿ, ಒಂದು ಕಾಳೂ ಸಿಗಬಾರ್ದು. ಕರಗದೇ ಉಳಿದ ಆ ಸಕ್ಕರೆ ಕಾಳೇ ಆಮೇಲೆ ಪಾಕವಾಗಿ ಹೊರಗೆ ಬೆವರೋದು, ನನ್ನ ಮೊದಲನೇದಕ್ಕೆ ಆದದ್ದು ಅರ್ಧ ಇದೇ.

ಕೆಳಗಿಳಿಸಿ ಬೀಟರ್ ಹಾಕಿ, ಮೊದಲು ನಿಧಾನ, ಆಮೇಲೆ ಜೋರು. ಎಂಟು ನಿಮಿಷ ಹಿಡೀತದೆ, ಕೆಲವು ಸಲ ಹತ್ತು. ಮೊದಲು ಸಮುದ್ರದ ನೊರೆ ಥರ ದೊಡ್ಡ ಗುಳ್ಳೆ, ಆಮೇಲೆ ಮಜ್ಜಿಗೆ ಕಡೆದ ನೊರೆ ಥರ ಸಣ್ಣದು, ಕಡೆಗೆ ಹೊಳಪು ಬಂದು ದಪ್ಪ ಆಗ್ತದೆ, ಬೀಟರ್ ಎತ್ತಿದ್ರೆ ಅದರ ತುದಿಯಲ್ಲಿ ಗಿಳಿಮೂಗು ಥರ ನಿಂತ್ಕೊಳ್ತದೆ. ಬೌಲ್ ಹೊರಗಿಂದ ಮುಟ್ಟಿದ್ರೆ ಬಿಸಿ ಇರಬಾರ್ದು. ಬೌಲನ್ನ ತಲೆ ಮೇಲೆ ಬೋರಲು ಹಿಡಿದ್ರೂ ಬೀಳೋದಿಲ್ಲ, ಮಕ್ಕಳಿದ್ರೆ ಈ ಸರ್ಕಸ್ ಒಮ್ಮೆ ಮಾಡಿ ತೋರಿಸಿ. ಆಮೇಲೆ ವಿನೆಗರ್ ಹಾಕಿ, ಕಾರ್ನ್‌ಫ್ಲೋರ್ ಜರಡಿ ಹಿಡಿದು ಉದುರಿಸಿ ಚಮಚದಲ್ಲಿ ಹಗೂರಕ್ಕೆ ಕಲಸಿ. ಹುಳಿ ನೊರೆಯನ್ನ ಹಿಡಿದು ನಿಲ್ಲಿಸ್ತದೆ, ಕಾರ್ನ್‌ಫ್ಲೋರಿಂದ ಒಳಗೆ ಮೆತ್ತಗುಳೀತದೆ.

ಓಟಿಜಿ, ಅಂದ್ರೆ ಮನೆಯ ಪುಟ್ಟ ಕರೆಂಟ್ ಓವನ್, 130 ಡಿಗ್ರಿಗೆ ಮೊದಲೇ ಬಿಸಿಗಿಟ್ಟಿರಿ, ಕೆಳಗಿನ ರಾಡ್ ಮಾತ್ರ ಆನ್, ಮೇಲಿನದ್ದೂ ಹಾಕಿದ್ರೆ ನೆತ್ತಿ ಕೆಂಪಗಾಗ್ತದೆ. ಟ್ರೇಗೆ ಬಟರ್ ಪೇಪರ್ ಹಾಸಿ, ಅದು ಹಾರದ ಹಾಗೆ ನಾಲ್ಕು ಮೂಲೆಗೂ ಒಂದೊಂದು ಚೂರು ನೊರೆ ಅಂಟಿಸಿ, ದೊಡ್ಡ ಚಮಚದಲ್ಲಿ ಗುಡ್ಡೆ ಹಾಕಿ, ಚಮಚದ ಬೆನ್ನಿಂದ ನಡುವೆ ಗುಳಿ ಮಾಡಿ. ನಿಮ್ಮ ಟ್ರೇಗೆ ಎಂಟೂ ಹಿಡಿಯದಿದ್ರೆ ಮೊದಲೇ ಅರ್ಧ ಅಳತೆಗೆ ಮಾಡ್ಕೊಳ್ಳಿ. ಒಳಗಿಟ್ಟ ತಕ್ಷಣ 110ಕ್ಕೆ ಇಳಿಸಿ. ಒಂದು ಗಂಟೆ, ಬೇಕಾದ್ರೆ ಹತ್ತು ನಿಮಿಷ ಹೆಚ್ಚು. ಓಟಿಜಿಗಳ ಡಿಗ್ರಿ ನಂಬೋ ಹಾಗಿಲ್ಲ, ಬಣ್ಣ ಹಾಲಿನ ಕೆನೆಗಿಂತ ಗಾಢ ಆಗ್ತಾ ಇದೆ ಅಂದ್ರೆ ಇನ್ನೂ ಇಳಿಸಿ. ಮಧ್ಯದಲ್ಲಿ ಕರೆಂಟ್ ಹೋಯ್ತಾ, ಗಾಬರಿ ಬೇಡ, ಬಾಗಿಲು ತೆರೀಬೇಡಿ, ಬಂದ ಮೇಲೆ ಹದಿನೈದು ನಿಮಿಷ ಜಾಸ್ತಿ ಬಿಡಿ. ಬಟರ್ ಪೇಪರಿಂದ ತಾನಾಗೇ ಬಿಟ್ಕೊಂಡು ಬಂತು, ಅಡಿ ಒಣಗಿದೆ, ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು ಅಂದ್ರೆ ಆಯ್ತು. ಸ್ವಿಚ್ ಆಫ್ ಮಾಡಿ, ಒಳಗೇ ಪೂರ್ತಿ ತಣ್ಣಗಾಗ್ಲಿ. ನಾನು ರಾತ್ರಿ ಊಟ ಆದ್ಮೇಲೆ ಬೇಯಿಸಿ ಬೆಳಿಗ್ಗೆ ತೆಗೀತೇನೆ, ತೆಗೆದವಳೇ ನೇರ ಡಬ್ಬಿಗೆ, ಟೇಬಲ್ ಮೇಲೆ ಒಂದು ಕ್ಷಣ ಇಡೋದಿಲ್ಲ. ಮುಚ್ಚಳ ಬಿಗಿ ಇರೋ ಹಪ್ಪಳದ ಡಬ್ಬಿ ಸಾಕು, ಎರಡು ದಿನ ಗರಿ ಹೋಗೋದಿಲ್ಲ. ಫ್ರಿಜ್ಜಿಗೆ ಮಾತ್ರ ಇಡ್ಬೇಡಿ, ಅಲ್ಲೂ ಪಸೆಯೇ. ಬಿರುಕು ಬಿಟ್ರೆ ಬಿಡ್ಲಿ, ಮೇಲೆ ಕ್ರೀಮ್ ಬರ್ತದಲ್ಲ.

ಕ್ರೀಮ್ ವಿಷಯ. ಅಂಗಡಿಯ ಪ್ಯಾಕೆಟ್ ಫ್ರೆಶ್ ಕ್ರೀಮಲ್ಲಿ ಕೊಬ್ಬು 25 ಪರ್ಸೆಂಟ್, ಎಷ್ಟು ಬೀಟ್ ಮಾಡಿದ್ರೂ ಗಟ್ಟಿ ನಿಲ್ಲೋದಿಲ್ಲ, 35ಕ್ಕಿಂತ ಹೆಚ್ಚು ಇರೋ ವಿಪ್ಪಿಂಗ್ ಕ್ರೀಮ್ ಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗೋ ವನಸ್ಪತಿ ಥರದ್ದು ಮೊದಲೇ ಸಿಹಿ, ಬಾಯಿಗೆ ಮೇಣ ಮೆತ್ತಿದ ಹಾಗೆ, ನಂಗೆ ಆಗೋದಿಲ್ಲ. ನಾನು ಹಾಕೋದು ಚಕ್ಕಾ. ಒಂದು ಕಿಲೋ ಗಟ್ಟಿ ಮೊಸರನ್ನ ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲೆ, ಫ್ರಿಜ್ಜಲ್ಲೇ ರಾತ್ರಿಯಿಡೀ ಬಿಡಿ, ಹೊರಗೆ ತೂಗುಹಾಕಿದ್ರೆ ಈ ಸೆಕೆಗೆ ಹುಳಿ ಜಾಸ್ತಿಯಾಗ್ತದೆ. ಏಲಕ್ಕಿ ಹಾಕಿ ನುಣ್ಣಗೆ ಕಡೆದ್ರೆ ಸಕ್ಕರೆ ಇಲ್ಲದ ಶ್ರೀಖಂಡ. ಆ ಹುಳಿ, ಈ ಸಿಹಿ, ಎರಡೂ ಒಟ್ಟಿಗೆ ಬಾಯಿಗೆ ಹೋದಾಗ ನಿಮಗೇ ಗೊತ್ತಾಗ್ತದೆ.

ಹಣ್ಣಿಗೆ ನಾವು ಬೇರೆ ಊರಿನ ಸ್ಟ್ರಾಬೆರಿ ಹುಡುಕೋ ಕರ್ಮ ಇಲ್ಲ. ಮೇನಲ್ಲಿ ಅಂಕೋಲೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಕೊಂಡು ಕೂತಿರ್ತಾರಲ್ಲ, ಕರಿ ಈಶಾಡು ಮಾವು, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು, ಅದೇ ಸಾಕು. ರಸ ಮಾತ್ರ ಬಹಳ, ಹೋಳು ಮಾಡಿ ಹತ್ತು ನಿಮಿಷ ಜರಡಿಯಲ್ಲಿ ಬಿಡಿ, ಕೆಳಗಿಳಿದ ರಸ ಮಾಡಿದವರ ಪಾಲು. ಬರೀ ಮಾವಾದ್ರೆ ಸಿಹಿ ಮೇಲೆ ಸಿಹಿ, ಹಾಗಾಗಿ ಮೇಲಿಂದ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಗೆ ಸಕ್ಕರೆ ಹಾಕಿ ಬಿಟ್ಟ ಕೆಂಪು ಪಾಕ ಒಂದು ಚಮಚ, ಬಿಳಿ ಮೇಲೆ ಆ ಕೆಂಪು ಇಳಿಯೋದು ನೋಡ್ಲಿಕ್ಕೇ ಒಂದು ಖುಷಿ. ಮನೆ ಬೇಲಿಗೆ ಹಬ್ಬಿದ ಪ್ಯಾಶನ್ ಫ್ರೂಟ್ ಇದ್ರೆ ಅದೂ ಆಗ್ತದೆ, ಆಸ್ಟ್ರೇಲಿಯಾದವರು ಹಾಕೋದು ಅದನ್ನೇ. ಬನವಾಸಿ ಅನಾನಸ್ ಸಿಕ್ಕಿದ್ರೆ ಹಸಿಯಾಗೇ ಹಾಕ್ಬೇಡಿ, ಅದು ಮೊಸರಿನ ಜೊತೆ ಕಹಿಯಾಗ್ತದೆ, ಸ್ವಲ್ಪ ಬೇಯಿಸಿ ತಣ್ಣಗೆ ಮಾಡಿ ಹಾಕಿ. ಕಡೆಗೆ ಹುರಿದ ಗೇರುಬೀಜದ ಚೂರು.

ಇನ್ನು ಶಿರಸಿ ನೆಂಟರು. ನನ್ನ ಕಾಲೇಜು ಗೆಳತಿ ಹವ್ಯಕರವಳು, "ಮೊಟ್ಟೆ ಹಾಕಿದ್ರೆ ಯಂಗೆ ಬ್ಯಾಡ್ದೇ ಮಾರಾಯ್ತಿ" ಅಂತ ಸುಮ್ನೆ ಕೂತ್ಕೊಂಡ್ಳು, ಎಲ್ಲರೂ ತಿಂತಾ ಅವಳೊಬ್ಳು ಕೂತಿದ್ದು ನಂಗೆ ಚುಚ್ತಾ ಇತ್ತು. ಅವರಿಗೆ ಕಾಬೂಲಿ ಕಡಲೆ ಬೇಯಿಸಿದ ನೀರಿದೆ. ನಗಬೇಡಿ, 2014-15ರ ಹೊತ್ತಿಗೆ ಹೊರದೇಶದವರು ಕಂಡುಹಿಡಿದದ್ದು, ಅಕ್ವಾಫಾಬಾ ಅಂತ ಹೆಸರೂ ಇಟ್ಟಿದ್ದಾರೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಉಪ್ಪು ಹಾಕದೇ ಕುಕ್ಕರಲ್ಲಿ ಬೇಯಿಸಿ, ಕಡಲೆ ಅದರಲ್ಲೇ ತಣ್ಣಗಾಗ್ಲಿ, ಸೋಸಿ, ಆ ನೀರನ್ನ ಮೊಟ್ಟೆ ಬಿಳಿಯಷ್ಟು ಲೋಳೆ ಬರೋ ತನಕ ಕುದಿಸಿ ಇಂಗಿಸಿ, ಫ್ರಿಜ್ಜಲ್ಲಿಡಿ. ತಣ್ಣಗಿರೋ ಅರ್ಧ ಕಪ್ ನೀರಿಗೆ ಅರ್ಧ ಟೀ ಚಮಚ ಲಿಂಬೆರಸ ಹಾಕಿ ಹತ್ತು ಹನ್ನೆರಡು ನಿಮಿಷ ಬೀಟ್ ಮಾಡ್ತಾ, 150 ಗ್ರಾಂ ಪುಡಿ ಸಕ್ಕರೆ ಚಮಚ ಚಮಚವಾಗಿ ಸೇರಿಸಿ. ಇದನ್ನ ಆವಿ ಮೇಲಿಡೋ ಕೆಲಸ ಇಲ್ಲ. ಓವನ್ 100 ಡಿಗ್ರಿ, ಒಂದೂವರೆಯಿಂದ ಎರಡು ಗಂಟೆ. ಹಸಿ ನೊರೆ ಸ್ವಲ್ಪ ಕಡಲೆ ವಾಸನೆ ಹೊಡೀತದೆ, ಬೆಂದ ಮೇಲೆ ಗೊತ್ತೇ ಆಗೋದಿಲ್ಲ, ಪಸೆ ಎಳ್ಕೊಳ್ಳೋದು ಮಾತ್ರ ಮೊಟ್ಟೆಯದ್ದಕ್ಕಿಂತ ಬೇಗ. ಕಡಲೆ ಮರುದಿನ ಉಸುಳಿ ಆಗ್ತದೆ. ಬೀಟರ್, ಟ್ರೇ, ಡಬ್ಬಿ ಎಲ್ಲ ಬೇರೆ ಇಡಿ, ಅವರು ಬಾಯಿಬಿಟ್ಟು ಕೇಳೋದಿಲ್ಲ, ಆದ್ರೆ ಗಮನಿಸ್ತಾರೆ.

ಜೋಡಿಸೋದು ಕಡೇ ಕ್ಷಣಕ್ಕೆ. ಎಲ್ಲರೂ ಕೈಕಾಲು ತೊಳ್ಕೊಂಡು ಬಂದು ಕೂತ್ರಾ ನೋಡಿ, ಪ್ಲೇಟ್ ಹಂಚಿ, ಆಮೇಲೆ ಡಬ್ಬಿ ಮುಚ್ಚಳ ತೆಗೀರಿ. ಮೊದಲು ಚಕ್ಕಾ ದಪ್ಪಗೆ, ಹಣ್ಣಿನ ರಸ ಗೂಡಿಗೆ ಇಳಿಯದ ಹಾಗೆ ಅದೇ ತಡೀತದೆ, ಅದರ ಮೇಲೆ ಮಾವು, ಮುರುಗಲು ಪಾಕ, ಗೇರುಬೀಜ. ಹತ್ತು ನಿಮಿಷದಲ್ಲಿ ಖಾಲಿಯಾಗ್ಬೇಕು. ಹಾಗೂ ಉಳಿದ್ರೆ ಗೂಡು, ಚಕ್ಕಾ, ಹಣ್ಣು ಎಲ್ಲ ಒಟ್ಟಿಗೆ ಪುಡಿ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿಗಿಡಿ. ನಮ್ಮನೆಯಲ್ಲಿ ಅದು ಬೆಳಿಗ್ಗೆವರೆಗೆ ಉಳಿಯೋದಿಲ್ಲ, ರಾತ್ರಿ ಎಷ್ಟೊತ್ತಿಗೋ ಫ್ರಿಜ್ ಬಾಗಿಲಿನ ಸದ್ದು ಕೇಳ್ತದೆ, ಬೆಳಿಗ್ಗೆ ಸಿಂಕಲ್ಲಿ ಅತ್ತೆಯ ಚಮಚ ಬಿದ್ದಿರ್ತದೆ.