ಅರಿವು ಕೇಂದ್ರದ ಟ್ಯಾಬ್‌ನಲ್ಲಿ ಆಳವಾದ ಓದು: ಕನ್ನಡ ಓದಿನ ಆ್ಯಪ್ ಕಟ್ಟುವ ಬಗೆ

ಗುಬ್ಬಿ, ಮುಳಬಾಗಿಲು, ಶಿಡ್ಲಘಟ್ಟದ ಕಡೆಯ ಅರಿವು ಕೇಂದ್ರಗಳಿಗೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ, ಓದಿನ ಆ್ಯಪ್ ಮಾಡುವವರು ಮೊದಲು ಪಠ್ಯ ಸರಿಮಾಡಿಕೊಳ್ಳಬೇಕು. ಪಿಡಿಎಫ್ ಬೇಡ, ಪ್ರತಿ ಸಾಲಿಗೂ ಪರದೆಯನ್ನು ಎಡಕ್ಕೆ ಬಲಕ್ಕೆ ಎಳೆಯುತ್ತಿದ್ದರೆ ಓದು ಅಲ್ಲೇ ಮುರಿಯುತ್ತದೆ. ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇಪಬ್ ಕಡತ ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಂದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ.

ಟ್ಯಾಬ್‌ನಲ್ಲಿರುವ ಫಾಂಟ್ ನಂಬಬೇಡಿ. ನೋಟೊ ಸೆರಿಫ್ ಕನ್ನಡ ಮುಕ್ತ ಪರವಾನಗಿಯದು, ಆ್ಯಪ್ ಜೊತೆಗೇ ಕೊಡಬಹುದು. ಅಕ್ಷರ 18–20 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು. ಇಂಗ್ಲಿಷಿಗೆ ಒಪ್ಪುವ 1.2 ಅನ್ನೇ ಉಳಿಸಿದರೆ ‘ಸ್ತ್ರೀ’, ‘ವೈಶಿಷ್ಟ್ಯ’ಗಳ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎರಡೂ ಅಂಚು ಸಮ ಮಾಡಲು ಹೋಗಬೇಡಿ. ನಮ್ಮ ಪದಗಳು ಉದ್ದ, ನಡುವೆ ಹಳ್ಳ ಬೀಳುತ್ತವೆ.

ಜಾರಿಸುವ ಪರದೆಗಿಂತ ತಿರುವುವ ಪುಟ ಮೇಲು. ‘ಆ ಮಾತು ಎಡಪುಟದ ಕೆಳಗಿತ್ತು’ ಎಂಬ ನೆನಪಿಗೆ ಪುಟ ನಿಂತಿರಬೇಕು. ಓದು ನಿಲ್ಲಿಸಿದ ಜಾಗವನ್ನು ಮಾತ್ರ ಪುಟಸಂಖ್ಯೆಯಲ್ಲಿ ಅಲ್ಲ, ಪ್ಯಾರಾ ಸಂಖ್ಯೆಯಲ್ಲಿ ಉಳಿಸಿ: ಅಕ್ಷರ ದೊಡ್ಡದು ಮಾಡಿದೊಡನೆ ಪುಟಗಳು ಬದಲಾಗುತ್ತವೆ.

ಹೆಚ್ಚು ದುಡಿಯಬೇಕಾದದ್ದು ನಿಘಂಟಿನಲ್ಲಿ. ಓದುವವರು ಒತ್ತುವುದು ‘ಊರಲ್ಲಿ’ ಎಂಬುದರ ಮೇಲೆ, ನಿಘಂಟಿನಲ್ಲಿರುವುದು ‘ಊರು’. ಮೂಲಪದಗಳ ಕೊನೆಯ ಕೊಂಬು ತೆಗೆದ ಪಟ್ಟಿಯೊಂದನ್ನು ಮಾಡಿಟ್ಟು, ಒತ್ತಿದ ಪದದ ಮೊದಲ ಭಾಗಕ್ಕೆ ಹೊಂದುವ ಅತಿ ಉದ್ದದ ಮೂಲಪದ ಹುಡುಕಿ. ‘ಗಿಡಗಳಿಗೆ’ ಕೊಟ್ಟರೆ ‘ಗಿಡ’ ಸಿಗುತ್ತದೆ. ‘ಹೋದ’, ‘ಬಂದ’, ‘ತಂದ’ ಹೀಗೆ ಸಿಗವು. ಅವಕ್ಕೆ ‘ಹೋಗು’, ‘ಬರು’, ‘ತರು’ ಎಂದು ಬೇರೆ ಕೋಷ್ಟಕ ಬೇಕು. ‘ಕಾಡಿಗೆ’ ಕಣ್ಣಿನದೋ ಮರಗಳದೋ ಆ್ಯಪ್‌ಗೆ ತಿಳಿಯದು. ಅಂಥಲ್ಲಿ ಎರಡನ್ನೂ ತೋರಿಸಿ, ಆರಿಸುವುದು ಓದುವವರಿಗಿರಲಿ. ಅರ್ಥ ಪುಟದ ಕೆಳಗೆ ಎರಡು ಸಾಲಿನಲ್ಲಿ ಬರಲಿ. ಬ್ರೌಸರ್ ತೆರೆದರೆ ಓದುಗರು ಮರಳುವ ಭರವಸೆಯಿಲ್ಲ.

ಗೆರೆ ಎಳೆಯುವಾಗ ಆಯ್ಕೆ ಇಡೀ ಪದಕ್ಕೇ ನಿಲ್ಲಲಿ, ಇಲ್ಲದಿದ್ದರೆ ‘ಕ್ಷ’ ನಡುವೆ ಸೀಳುತ್ತದೆ. ಅಕ್ಷರಗಳು ಬೆಸೆಯದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದಿದೆ (ಯೂನಿಕೋಡ್‌ನಲ್ಲಿ ಯು+200ಸಿ). ಹುಡುಕಾಟದಲ್ಲಿ ಅದನ್ನು ಹುಡುಕುವ ಪದ, ಪಠ್ಯ ಎರಡರಿಂದಲೂ ಕಳಚಿ ಹೋಲಿಸಿ. ‘ಸಾಫ್ಟ್‌ವೇರ್’ ಕಣ್ಣೆದುರಿದ್ದೂ ಸಿಗದಿರಲು ಅದೇ ಕಾರಣ.

ಪುಸ್ತಕ, ಫಾಂಟ್, ನಿಘಂಟು ಮೂರೂ ಟ್ಯಾಬ್‌ನಲ್ಲೇ ಇರಲಿ. ನೋಟಿಫಿಕೇಷನ್, ಅಂಕ, ಪದಕ ಯಾವುದೂ ಬೇಡ. ಅಧ್ಯಾಯ ಮುಗಿದಾಗ ಒಂದು ಖಾಲಿ ಚೌಕ ಸಾಕು: ‘ಇದರಲ್ಲಿ ಏನು ಹೇಳಿದೆ?’ ಪಠ್ಯ ಆಗ ಮರೆಯಾಗಿರಬೇಕು. ಕಂಡರೆ ನಕಲು ಮಾಡುತ್ತಾರೆ. ಆ್ಯಪ್ ಪರೀಕ್ಷಿಸಲು ಓದುಗರಿಗೆ ಇಪ್ಪತ್ತು ನಿಮಿಷ ಓದಲು ಕೊಟ್ಟು, ಅವರು ಪುಟ ಬಿಟ್ಟು ಹೊರಹೋದದ್ದು ಎಷ್ಟು ಸಲ, ಯಾವ ಪದದ ಬಳಿ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ತಿದ್ದುಪಡಿ ಆ ಪದಗಳಿಂದಲೇ ಶುರುವಾಗಲಿ.