ಸೆಲ್ಫ್ ಹಿಡಿಯುತ್ತಿಲ್ಲವೇ? ಮೊದಲು ಸದ್ದು ಕೇಳಿ

ಹಂಪಿ ಹತ್ತಿರದ ಸಾಣಾಪುರದ ಬಂಡೆಗಳ ನಡುವೆ ಮಧ್ಯಾಹ್ನ ಎರಡು ಗಂಟೆ. ಫೋಟೊ ತೆಗೆಯಲೆಂದು ಬೈಕ್ ಆಫ್ ಮಾಡಿದ್ದೆ, ಅಷ್ಟೆ. ಮತ್ತೆ ಸೆಲ್ಫ್ ಒತ್ತಿದರೆ ಸೀಟಿನ ಕೆಳಗಿಂದ ಒಂದೇ ಒಂದು ‘ಟಕ್’. ಇನ್ನೊಮ್ಮೆ ಒತ್ತಿದೆ, ಇನ್ನೊಂದು ‘ಟಕ್’. ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಕಿಕ್ಕರ್ ಇಲ್ಲದ ಗಾಡಿ. ತಳ್ಳೋಣ ಅಂದರೆ ಮರಳಿನಲ್ಲಿ ಹಿಂದಿನ ಚಕ್ರ ತಿರುಗದೆ ಜಾರುತ್ತಿತ್ತು. ಗೆಳೆಯ, ನಾನು ಇಬ್ಬರೂ ಬೆವರಿಳಿಸಿಕೊಂಡು ಡಾಂಬರು ರಸ್ತೆಗೆ ತಂದು, ಎರಡನೇ ಗೇರಿನಲ್ಲಿ ತಳ್ಳಿದ ಮೇಲೆ ಸ್ಟಾರ್ಟ್ ಆಯಿತು. ದಾರಿಯಲ್ಲಿ ಎಲ್ಲೂ ಆಫ್ ಮಾಡದೆ ಗಂಗಾವತಿಗೆ ಬಂದೆವು.

ಅಲ್ಲೊಂದು ಅಂಗಡಿಯಲ್ಲಿ ವೋಲ್ಟ್ ಅಳೆಯುವ ಮೀಟರ್ ಕೂಡ ಹಿಡಿಯದೆ ‘ಬ್ಯಾಟರಿ ಹೋಗೈತಿ’ ಅಂದರು. ಹೊಸದು ಹಾಕಿಸಿದೆ. ಸ್ಟಾರ್ಟ್ ಆಯಿತು. ಒಂದು ವಾರ ಕಳೆದಿರಲಿಲ್ಲ, ಮತ್ತದೇ ‘ಟಕ್’.

ಎರಡನೇ ಸಲ ಹೋಗಿದ್ದು ವಯಸ್ಸಾದ ಮೆಕ್ಯಾನಿಕ್ ಚಾಚಾ ಒಬ್ಬರ ಹತ್ತಿರ. ಅವರು ಗಾಡಿ ಮುಟ್ಟಲಿಲ್ಲ. ‘ಒತ್ತು ತಮ್ಮಾ’ ಅಂದರು. ಒತ್ತಿದೆ. ‘ಇನ್ನೊಂದ್ಸಲ.’ ಮತ್ತೆ ಒತ್ತಿದೆ. ‘ಬ್ಯಾಟರಿ ಛಲೋ ಐತಿ. ಅರ್ಥ್ ಇಲ್ಲ ನಿನ್ನ ಗಾಡಿಗೆ’ ಅಂದವರೇ ಇಂಜಿನ್ ಹಿಂಬದಿಯ ಒಂದು ಬೋಲ್ಟ್ ಬಿಚ್ಚಿದರು. ಅರ್ಥ್ ವೈರ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ವೈರಿನ ರಿಂಗಿನ ಕೆಳಗೆ ತುಕ್ಕು. ಅದರ ಮೇಲೆ ಗದ್ದೆಯ ರಾಡಿ ಹಪ್ಪಳದಂತೆ ಒಣಗಿ ಕೂತಿತ್ತು. ಉಪ್ಪುಕಾಗದದಿಂದ ಎರಡು ನಿಮಿಷ ಉಜ್ಜಿ ಬಿಗಿ ಮಾಡಿದರು. ಬೆರಳು ತಾಗಿಸುವುದೇ ತಡ, ಇಂಜಿನ್ ಎದ್ದಿತು. ಹಳೇ ಬ್ಯಾಟರಿ ಅಷ್ಟರಲ್ಲಿ ಎಕ್ಸ್‌ಚೇಂಜ್‌ಗೆ ಹೋಗಿ ಆಗಿತ್ತು.

2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೂ ಕಿಕ್ಕರ್ ಇರಲಿಲ್ಲ, ಈಗ ಬರುವ ಹೆಚ್ಚಿನ ದೊಡ್ಡ ಆಫ್‌ರೋಡ್ ಗಾಡಿಗಳಿಗೂ ಇಲ್ಲ. ಅಪ್ಪನ ರಾಜದೂತ್ ಬೈಕಿಗೆ ಸೆಲ್ಫೇ ಇರಲಿಲ್ಲ. ಕಿಕ್ಕರ್ ಆಗಾಗ ಮೊಣಕಾಲಿಗೆ ವಾಪಸ್ ಹೊಡೆಯುತ್ತಿತ್ತು, ಆದರೆ ಕಾಡಿನಲ್ಲಿ ಕೈಕೊಡುತ್ತಿರಲಿಲ್ಲ. ಈಗ ನಮಗೆ ಇರುವುದು ಒಂದು ಗುಂಡಿ ಮಾತ್ರ. ಹಾಗಾಗಿ ಆ ಗುಂಡಿಯ ಹಿಂದೆ ಏನು ನಡೆಯುತ್ತದೆ ಅಂತ ತಿಳಿದಿರಬೇಕು.

ನಡೆಯುವುದು ಇಷ್ಟೇ. ಗುಂಡಿ ಒತ್ತಿದಾಗ ಸಣ್ಣ ಕರೆಂಟ್ ರಿಲೇಗೆ ಹೋಗುತ್ತದೆ. ರಿಲೇಯೊಳಗೆ ತಾಮ್ರದ ತುಂಡೊಂದು ‘ಟಕ್’ ಅಂತ ಕೂತು ಎರಡು ದಪ್ಪ ವೈರುಗಳನ್ನು ಸೇರಿಸುತ್ತದೆ. ಆಗ ಬ್ಯಾಟರಿಯ ದೊಡ್ಡ ಕರೆಂಟ್ ಮೋಟಾರಿಗೆ ನುಗ್ಗುತ್ತದೆ. ಮೋಟಾರ್ ತಿರುಗಿ, ಒನ್‌ವೇ ಕ್ಲಚ್ (ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್) ಮೂಲಕ ಇಂಜಿನ್ ತಿರುಗಿಸುತ್ತದೆ. ಅದೇ ಕರೆಂಟ್ ಇಂಜಿನ್ನಿನ ಲೋಹದಿಂದ ಅರ್ಥ್ ವೈರ್ ಹಿಡಿದು ಬ್ಯಾಟರಿಗೆ ವಾಪಸ್ ಬರಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿಯನ್ನು ಯಾರೂ ನೋಡುವುದಿಲ್ಲ.

ಸದ್ದಿನಲ್ಲೇ ಅರ್ಧ ಉತ್ತರ

ಕೀ ಆನ್ ಮಾಡಿ, ನ್ಯೂಟ್ರಲ್‌ಗೆ ತಂದು, ಸೈಡ್ ಸ್ಟ್ಯಾಂಡ್ ಎತ್ತಿ, ಕ್ಲಚ್ ಹಿಡಿದು ಒಮ್ಮೆ ಒತ್ತಿ. ಹ್ಯಾಂಡಲ್ ಮೇಲೆ ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿಕೊಳ್ಳಿ. ನಗಬೇಡಿ, ಕಿಲ್ ಸ್ವಿಚ್ ಆಫ್ ಇದ್ದದ್ದಕ್ಕೆ ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಹೋದವರನ್ನು ನಾನೇ ಕಂಡಿದ್ದೇನೆ.

‘ಟಕಟಕಟಕ’ ಅಂತ ಅರಳು ಹುರಿದಂತೆ ಸದ್ದು ಬಂದು ಸ್ಪೀಡ್ ಮೀಟರಿನ ಲೈಟು ಮಂಕಾದರೆ, ಬ್ಯಾಟರಿಯಲ್ಲಿ ದಮ್ಮಿಲ್ಲ ಅಥವಾ ಟರ್ಮಿನಲ್ ಸಡಿಲ. ಒಂದೇ ‘ಟಕ್’ ಬಂದು ಲೈಟು ಹಾಗೇ ಇದ್ದರೆ ರಿಲೇಯ ಒಳಗಿನ ಕಾಂಟ್ಯಾಕ್ಟ್, ಮೋಟಾರಿನ ಕಾರ್ಬನ್ (ತಿರುಗುವ ತಾಮ್ರಕ್ಕೆ ಉಜ್ಜುತ್ತಾ ಕರೆಂಟ್ ಕೊಡುವ ತುಂಡು) ಅಥವಾ ಅರ್ಥ್. ಸದ್ದೇ ಇಲ್ಲ, ಲೈಟು ಮಾತ್ರ ಉರಿಯುತ್ತದೆ ಎಂದರೆ ಸ್ವಿಚ್ಚುಗಳ ಕಡೆ ಹೋಗಿ. ಲೈಟೂ ಇಲ್ಲದಿದ್ದರೆ ಮೇನ್ ಫ್ಯೂಸ್. ಬಹಳಷ್ಟು ಗಾಡಿಗಳಲ್ಲಿ ಅದು ರಿಲೇಯ ಪಕ್ಕದಲ್ಲೇ ಇರುತ್ತದೆ, ಜೊತೆಗೊಂದು ಸ್ಪೇರ್ ಕೂಡ ಇಟ್ಟಿರುತ್ತಾರೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕುವ ಜಾಣತನ ಬೇಡ. ಫ್ಯೂಸ್ ಉಳಿಯುತ್ತದೆ, ವೈರಿಂಗ್ ಸುಡುತ್ತದೆ.

‘ಸುಯ್’ ಅಂತ ಮೋಟಾರ್ ಒಂದೇ ಜೋರಾಗಿ ತಿರುಗಿ ಇಂಜಿನ್ ಅಲುಗದಿದ್ದರೆ ಒನ್‌ವೇ ಕ್ಲಚ್ ಜಾರುತ್ತಿದೆ. ಅದಕ್ಕೆ ಇಂಜಿನ್ನಿನ ಮ್ಯಾಗ್ನೆಟ್ ಚಕ್ರ ಬಿಚ್ಚಬೇಕು, ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕು. ಮನೆಯ ಕೆಲಸವಲ್ಲ, ವರ್ಕ್‌ಶಾಪಿಗೆ ಕೊಡಿ.

ಇಂಜಿನ್ ಗರಗರ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ ಎಂದರೆ ಸೆಲ್ಫ್ ತಪ್ಪಿಲ್ಲ. ಪೆಟ್ರೋಲ್, ಪ್ಲಗ್ ನೋಡಿ. ಗಾಡಿ ಆಗಷ್ಟೇ ಬಿದ್ದಿದ್ದರೆ ಕೀ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಹೊಸ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ವಾಲಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಹಲವು ಗಾಡಿಗಳಲ್ಲಿ ಕೀ ತಿರುಗಿಸಿದರೇನೇ ಅದು ಬಿಟ್ಟುಕೊಡುವುದು.

ಯಾವ ಸದ್ದೇ ಬರಲಿ, ಐದು ಸೆಕೆಂಡಿಗಿಂತ ಜಾಸ್ತಿ ಗುಂಡಿ ಒತ್ತಿ ಹಿಡಿಯಬೇಡಿ. ನಡುವೆ ಹತ್ತು ಹದಿನೈದು ಸೆಕೆಂಡ್ ಬಿಡಿ. ಸಿಟ್ಟಿನಲ್ಲಿ ಒತ್ತುತ್ತಲೇ ಇದ್ದರೆ ಮೋಟಾರಿನ ಕಾಯಿಲ್ ಸುಡುತ್ತದೆ.

ಬ್ಯಾಟರಿಯನ್ನು ಎರಡು ಸಲ ಅಳೆಯಿರಿ

ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಮಾಮೂಲಿ ಲೆಡ್ ಬ್ಯಾಟರಿ ತುಂಬಿದ್ದರೆ 12.6ರಿಂದ 12.8 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ, ಚಾರ್ಜ್ ಮಾಡಿ ಮತ್ತೆ ನೋಡಿ.

ಮುಖ್ಯವಾದದ್ದು ಎರಡನೇ ಅಳತೆ. ಕಡ್ಡಿಗಳನ್ನು ಹಾಗೇ ಹಿಡಿದು ಸೆಲ್ಫ್ ಒತ್ತಿ. ವೋಲ್ಟ್ ಇಳಿಯುತ್ತದೆ, ಇಳಿಯಲೇಬೇಕು. ಹತ್ತರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿ. 12.6 ಇದ್ದದ್ದು ಒತ್ತಿದೊಡನೆ ಏಳು ಎಂಟಕ್ಕೆ ಕುಸಿದರೆ, ಹೊರಗೆ ಮೀಸೆ, ಒಳಗೆ ಏನೂ ಇಲ್ಲ. ಬದಲಿಸಿ. ಇನ್ನು ಒತ್ತಿದರೂ 12.5ರಿಂದ ಅಲುಗುವುದೇ ಇಲ್ಲ ಎಂದರೆ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ. ನನ್ನ ಗಾಡಿಯ ಕತೆ ಅದೇ. ಆ ಅಂಗಡಿಯಲ್ಲಿ ಈ ಒಂದು ಅಳತೆ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು.

ನಮ್ಮ ಕಡೆ ಬ್ಯಾಟರಿ ಬೇಗ ಸಾಯುವುದಕ್ಕೆ ಬಿಸಿಲು ದೊಡ್ಡ ಕಾರಣ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ನೀರಿನ ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರಿನ ನೀರು ಖಂಡಿತ ಬೇಡ. ಸೀಲ್ ಆದ ಬ್ಯಾಟರಿಯಾದರೆ ತೆರೆಯುವ ಪ್ರಶ್ನೆಯೇ ಇಲ್ಲ.

ಗಾಡಿ ಸ್ಟಾರ್ಟ್ ಆದ ಮೇಲೆ ರೇಸ್ ಕೊಟ್ಟು ಇನ್ನೊಮ್ಮೆ ಅಳೆಯಿರಿ. 13.5ರಿಂದ 14.5 ಬರಬೇಕು. ಬರದಿದ್ದರೆ ಚಾರ್ಜಿಂಗ್ ಇಲ್ಲ, ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೆ.

ಅರ್ಥ್ ಮತ್ತು ಸ್ವಿಚ್ಚುಗಳು

ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಹಿಡಿಯಿರಿ, ಕ್ಲಾಂಪಿಗಲ್ಲ. ಕೆಂಪು ಕಡ್ಡಿಯನ್ನು ಇಂಜಿನ್ನಿನ ಪೇಂಟ್ ಇಲ್ಲದ ಬೋಲ್ಟಿನ ತಲೆಗೆ ಒತ್ತಿ ಸೆಲ್ಫ್ ಹೊಡೆಯಿರಿ. 0.2, ಹೆಚ್ಚೆಂದರೆ 0.3 ವೋಲ್ಟ್. ಅದಕ್ಕಿಂತ ಜಾಸ್ತಿ ಬಂದರೆ ದಾರಿಯಲ್ಲಿ ಎಲ್ಲೋ ತುಕ್ಕು, ಪೇಂಟ್ ಅಥವಾ ಮಣ್ಣು ಕೂತಿದೆ. ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ಹಾಕುವಾಗ ಕೊನೆಗೆ ಹಾಕಿ. ಇಲ್ಲದಿದ್ದರೆ ಸ್ಪ್ಯಾನರ್ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ. ರಿಂಗಿನ ಎರಡೂ ಮುಖ, ಇಂಜಿನ್ ಮೇಲಿನ ಜಾಗ, ಬೋಲ್ಟಿನ ಥ್ರೆಡ್ ಎಲ್ಲವನ್ನೂ ಲೋಹ ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ಮೇಲಿಂದ ತುಸು ಗ್ರೀಸ್ ಸವರಿ, ನೀರು ಒಳಗೆ ಇಳಿಯುವುದಿಲ್ಲ.

ಸದ್ದೇ ಬರದ ಗಾಡಿಗಳಲ್ಲಿ ನಮ್ಮ ಮಣ್ಣಿನದೇ ಕೈವಾಡ ಹೆಚ್ಚು. ಎರಿ ಹೊಲದ ಕರಿ ಮಣ್ಣು ಹಸಿಯಿದ್ದಾಗ ಅಂಟು, ಒಣಗಿದರೆ ಸಿಮೆಂಟು. ಅದು ಹೋಗಿ ಕೂರುವುದು ಕೆಳಗಿರುವ ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಸಂದಿಯಲ್ಲಿ. ಸ್ಟ್ಯಾಂಡ್ ಎತ್ತಿದ್ದರೂ ಗಾಡಿಗೆ ಇಳಿಸಿದಂತೆಯೇ ಕಾಣುತ್ತದೆ. ಸಂಡೂರು ಕಡೆಯ ಕೆಂಪು ದೂಳು ಬೇರೆ ಥರ. ಹಿಟ್ಟಿನಷ್ಟು ನುಣುಪು, ಕ್ಲಚ್ ಲಿವರಿನ ಬುಡದಲ್ಲಿರುವ ಪುಟ್ಟ ಸ್ವಿಚ್ಚಿಗೂ ಸೆಲ್ಫ್ ಗುಂಡಿಯ ಒಳಗೂ ಇಳಿಯುತ್ತದೆ. ನೀರಿನಿಂದ ತೊಳೆದು, ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸ್ವಿಚ್ಚನ್ನು ಹತ್ತಾರು ಸಲ ಒತ್ತಿ ಬಿಡಿ. ತೊಳೆಯುವಾಗ ಪ್ರೆಷರ್ ಪೈಪನ್ನು ಸ್ವಿಚ್ಚಿಗೂ ಮೋಟಾರಿಗೂ ನೇರ ಹಿಡಿಯಬೇಡಿ. ವಾಟರ್ ಸರ್ವೀಸ್ ಮಾಡಿಸಿದ ಮರುದಿನವೇ ಸೆಲ್ಫ್ ಕೈಕೊಡುವುದು ಸುಮ್ನೆ ಅಲ್ಲ.

ರಿಲೇಯ ಎರಡು ದಪ್ಪ ಬೋಲ್ಟ್

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಏನನ್ನೂ ಬಿಚ್ಚದೆ ರಿಲೇ ಮತ್ತು ಮೋಟಾರ್ ಎರಡರ ಜಾತಕವನ್ನೂ ಹೇಳುತ್ತದೆ.

ರಿಲೇಯ ಮೇಲೆ ಎರಡು ದಪ್ಪ ವೈರ್ ಕೂತಿರುತ್ತವೆ. ಒಂದು ಬ್ಯಾಟರಿಯಿಂದ ಬಂದದ್ದು, ಇನ್ನೊಂದು ಮೋಟಾರಿಗೆ ಹೋಗುವುದು. ರಬ್ಬರ್ ಟೋಪಿ ಸರಿಸಿ ಕೆಂಪು ಕಡ್ಡಿಯನ್ನು ಬ್ಯಾಟರಿ ಕಡೆಗೆ, ಕಪ್ಪನ್ನು ಮೋಟಾರ್ ಕಡೆಗೆ ಹಿಡಿಯಿರಿ. ಗುಂಡಿ ಒತ್ತುವ ಮೊದಲೇ 12 ವೋಲ್ಟ್ ಕಾಣಬೇಕು. ಏಕೆಂದರೆ ಕಪ್ಪು ಕಡ್ಡಿಗೆ ಮೋಟಾರಿನ ಒಳಗಿಂದಲೇ ಅರ್ಥ್ ಸಿಗುತ್ತಿದೆ. ಅಲ್ಲಿ ಸೊನ್ನೆ ತೋರಿಸಿದರೆ ಮೋಟಾರಿನೊಳಗೆ ಕಾರ್ಬನ್ ತಾಗುತ್ತಿಲ್ಲ, ಇಲ್ಲವೇ ಅದಕ್ಕೆ ಹೋಗುವ ವೈರ್ ಕಡಿದಿದೆ.

ಈಗ ಸೆಲ್ಫ್ ಒತ್ತಿ. ‘ಟಕ್’ ಆದ ಕೂಡಲೇ ಮೀಟರ್ 12ರಿಂದ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ‘ಟಕ್’ ಅಂದರೂ 12ರಲ್ಲೇ ನಿಂತರೆ ರಿಲೇಯ ಒಳಗಿನ ತಾಮ್ರ ಸುಟ್ಟಿದೆ, ರಿಲೇ ಬದಲಿಸಿ. ಸೊನ್ನೆಗೆ ಬಿತ್ತು, ಆದರೂ ಇಂಜಿನ್ ತಿರುಗಲಿಲ್ಲ ಎಂದರೆ ರಿಲೇ ತನ್ನ ಕೆಲಸ ಮಾಡಿದೆ. ಬ್ಯಾಟರಿ, ಅರ್ಥ್ ಎರಡನ್ನೂ ಅಳೆದು ಆಗಿದೆ ಅಲ್ವಾ? ಹಾಗಾದರೆ ಮೋಟಾರ್ ಬಿಚ್ಚುವ ಸಮಯ.

ಎರಡು ಬೋಲ್ಟಿಗೂ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವವರಿದ್ದಾರೆ. ಕಿಡಿ ಜೋರಾಗಿ ಹಾರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಗೇರಿನಲ್ಲಿದ್ದರೆ ಗಾಡಿ ಮುಂದೆ ನೆಗೆಯುತ್ತದೆ. ಕಾಡಿನಲ್ಲಿ ಬೇರೆ ದಾರಿಯೇ ಇಲ್ಲದಾಗ ನ್ಯೂಟ್ರಲ್ ನೋಡಿಕೊಂಡು ಮಾಡಬಹುದೇನೋ, ಮನೆಯಂಗಳದಲ್ಲಿ ಬೇಡ. ಇದಕ್ಕೆ ಉಲ್ಟಾ, ಗುಂಡಿ ಬಿಟ್ಟರೂ ಮೋಟಾರ್ ತಿರುಗುತ್ತಲೇ ಇದ್ದರೆ ರಿಲೇಯ ತಾಮ್ರ ಅಂಟಿಕೊಂಡಿದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ತಕ್ಷಣ ಬ್ಯಾಟರಿಯ ಮೈನಸ್ ತೆಗೆಯಿರಿ.

ಮೋಟಾರ್ ಬಿಚ್ಚಿದಾಗ

ಬ್ಯಾಟರಿಯ ಮೈನಸ್ ತೆಗೆದು, ಮೋಟಾರಿನ ವೈರ್ ಬಿಚ್ಚಿ. ಸಾಮಾನ್ಯವಾಗಿ ಎರಡು ಬೋಲ್ಟಿಗೆ ನಿಂತಿರುತ್ತದೆ. ಓ ರಿಂಗ್ (ರಬ್ಬರ್ ಉಂಗುರ) ಹಿಡಿದುಕೊಂಡಿರುವುದರಿಂದ ಕೈಯಲ್ಲಿ ಆಡಿಸುತ್ತಾ ಎಳೆಯಿರಿ, ಸುತ್ತಿಗೆ ಬೇಡ. ಒಳಗೆ ಮ್ಯಾಗ್ನೆಟ್ ತುಂಡುಗಳನ್ನು ಅಂಟಿಸಿರುತ್ತಾರೆ, ಪೆಟ್ಟು ಬಿದ್ದರೆ ಬಿಸ್ಕತ್ತಿನಂತೆ ಒಡೆಯುತ್ತವೆ.

ಮೋಟಾರಿನ ಮುಚ್ಚಳ ಬಿಚ್ಚುವ ಮೊದಲು ಅದರ ಮೂತಿಯಿಂದ ಬಾಲದವರೆಗೆ ಮಾರ್ಕರ್‌ನಿಂದ ಒಂದು ಗೀಟು ಎಳೆಯಿರಿ. ಜೋಡಿಸುವಾಗ ಆ ಗೀಟು ಕೂಡಿದರೆ ಸರಿ. ಒಳಗಿನ ತೆಳ್ಳನೆ ವಾಷರುಗಳು ಯಾವ ಬದಿಗೆ ಎಷ್ಟಿದ್ದವು ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಹಿಂದಿನ ಮುಚ್ಚಳ ತೆಗೆದರೆ ಕಾಡಿಗೆಯಂಥ ಕರಿ ಪುಡಿ ಉದುರುತ್ತದೆ. ಅದು ಸವೆದ ಕಾರ್ಬನ್. ನಮ್ಮ ನೀರು, ರಾಡಿ ಸೇರಿದ್ದರೆ ಪುಡಿಯ ಬದಲು ಕರಿ ಪೇಸ್ಟ್ ಸಿಗುತ್ತದೆ, ಕಾರ್ಬನ್ ಅದರಲ್ಲಿ ಸಿಕ್ಕಿಕೊಂಡು ಮುಂದಕ್ಕೆ ಬರುವುದೇ ಇಲ್ಲ. ಒಣ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಕಾರ್ಬನ್ ಹೊಸದರ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಎಷ್ಟು ಮಿಲಿಮೀಟರ್ ಉಳಿದಿರಬೇಕು ಅನ್ನುವುದು ನಿಮ್ಮ ಗಾಡಿಯ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಹಿಂದಿನ ಸ್ಪ್ರಿಂಗ್ ಬೆರಳಿಗೆ ಬಿಗಿಯಾಗಿ ಹತ್ತಬೇಕು.

ಕಾರ್ಬನ್ ಉಜ್ಜುವ ತಾಮ್ರದ ಭಾಗ ಕಪ್ಪಾಗಿದ್ದರೆ 400 ಅಥವಾ 600 ನಂಬರಿನ ಉಪ್ಪುಕಾಗದವನ್ನು ಪಟ್ಟಿಯಂತೆ ಸುತ್ತಿ ಹಗುರವಾಗಿ ತಿರುಗಿಸಿ. ತಾಮ್ರದ ಪಟ್ಟಿಗಳ ನಡುವಿನ ಗೆರೆಗಳು ತಗ್ಗಾಗಿಯೇ ಇರಬೇಕು, ಅಲ್ಲಿ ತುಂಬಿದ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ. ಆಮೇಲೆ ಮೀಟರನ್ನು ಬೀಪ್‌ಗೆ ಇಡಿ. ಅಕ್ಕಪಕ್ಕದ ಪಟ್ಟಿಗಳ ನಡುವೆ ಬೀಪ್ ಬರಬೇಕು. ಪಟ್ಟಿಗೂ ನಡುವಿನ ಶಾಫ್ಟಿಗೂ ಬೀಪ್ ಬರಬಾರದು. ಬಂದರೆ ಆರ್ಮೇಚರ್ (ಒಳಗೆ ತಿರುಗುವ ಭಾಗ) ಶಾರ್ಟ್ ಆಗಿದೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಮೋಟಾರನ್ನೇ ಬದಲಿಸಬೇಕು.

ಮ್ಯಾಗ್ನೆಟ್ ಇರುವ ಕವಚವನ್ನು ವರ್ಕ್‌ಶಾಪ್ ಬೆಂಚಿನ ಮೇಲೆ ಸುಮ್ನೆ ಇಡಬೇಡಿ. ಅಲ್ಲಿರುವ ಕಬ್ಬಿಣದ ಪುಡಿಯೆಲ್ಲ ಒಳಗೆ ಹತ್ತಿಕೊಳ್ಳುತ್ತದೆ. ನಾನು ಹಳೇ ದಿನಪತ್ರಿಕೆ ಹಾಸಿಕೊಂಡು ಕೂರುತ್ತೇನೆ. ಜೋಡಿಸುವಾಗ ಕಾರ್ಬನ್‌ಗಳನ್ನು ಹಿಂದಕ್ಕೆ ಒತ್ತಿ ಹಿಡಿದು ತಾಮ್ರವನ್ನು ನಡುವೆ ತೂರಿಸುವುದೇ ಇಡೀ ಕೆಲಸದ ಕಿರಿಕಿರಿ. ಮೂರನೇ ಕೈ ಬೇಕೆನಿಸುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಕರೆಯಿರಿ, ಸಣ್ಣ ಬೆರಳಿನವರಾದರೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಈ ಕೆಲಸ ಏಳನೇ ಕ್ಲಾಸಿನ ಮಗಳದು.

ಓ ರಿಂಗಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಮೋಟಾರನ್ನು ಕೂರಿಸಿ. ಅದು ಕೂರುವ ಜಾಗದ ಲೋಹವನ್ನೂ ಉಜ್ಜಿರಿ, ಮೋಟಾರಿಗೆ ಅರ್ಥ್ ಸಿಗುವುದು ಅಲ್ಲಿಂದಲೇ. ವೈರಿನ ನಟ್ ಅತಿಯಾಗಿ ಬಿಗಿದರೆ ಬೋಲ್ಟೇ ತಿರುಗಿ ಒಳಗಿನ ಕಾರ್ಬನ್ ವೈರ್ ಕಿತ್ತುಬರುತ್ತದೆ. ರಬ್ಬರ್ ಟೋಪಿ ಹಾಕಿ, ಬ್ಯಾಟರಿಯ ಮೈನಸ್ ಕೊನೆಗೆ ಸೇರಿಸಿ, ನ್ಯೂಟ್ರಲ್ ನೋಡಿಕೊಂಡು ಗುಂಡಿ ಒತ್ತಿ.